ಹಂದಿಗಳ ಕಣ್ಣುಬೇನೆ: ಮುಲಾಮಿಗೆ ಮೊದಲು ಜ್ವರ ನೋಡಿ

ಹಂದಿಯ ಕಣ್ಣಲ್ಲಿ ಗೀಜು ಕಟ್ಟಿದರೆ ಧೂಳು ಬಿದ್ದಿರಬೇಕೆಂದು ಸಾಕಣೆದಾರರು ಸುಮ್ಮನಾಗುವುದುಂಟು. ಹಲವು ವೇಳೆ ಅದು ನಿಜವೂ ಹೌದು. ನಾಗಮಂಗಲ, ಕೃಷ್ಣರಾಜಪೇಟೆಗಳ ಬೆದ್ದಲು ಕಡೆ ಬೇಸಿಗೆಯಲ್ಲಿ ತೌಡು, ಹೊಟ್ಟುಗಳ ಧೂಳು ಕಣ್ಣನ್ನು ಕೆರಳಿಸುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲಾ ಬಯಲಿನಲ್ಲಿ ನೆಲ ಆರದ ಹಂದಿಮನೆಯ ಗಂಜಲದಿಂದೇಳುವ ಅಮೋನಿಯಾ ಅದೇ ಕೆಲಸ ಮಾಡುತ್ತದೆ. ಹಂದಿಯ ಮೂತಿಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ನೋಡಬೇಕು. ಕುಳಿತವರ ಕಣ್ಣು ಉರಿದರೆ ಹಂದಿಯ ಕಣ್ಣೂ ಉರಿಯುತ್ತಿದೆ ಎಂದೇ ಅರ್ಥ. ಹೀಗೆ ಕೆರಳಿದ ಕಣ್ಣಿಗೆ ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಗಳು ಸೇರಿ ಕೀವಾಗುತ್ತದೆ. ಕ್ಲಮೀಡಿಯ ಸೂಯಿಸ್ ಎಂಬ ಬ್ಯಾಕ್ಟೀರಿಯ ಹಂದಿಯಿಂದ ಹಂದಿಗೆ ಹರಡುತ್ತದೆ.

ಒಂದು ಲೀಟರು ನೀರಿಗೆ 9 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿ, ಅದರಿಂದ ಕಣ್ಣು ತೊಳೆಯಬೇಕು. ಒಂದು ಹಂದಿಗೆ ಬಳಸಿದ ಬಟ್ಟೆ ಇನ್ನೊಂದಕ್ಕೆ ಕೂಡದು. ಹೊಗೆಸೊಪ್ಪಿನ ರಸ, ಸುಣ್ಣದ ನೀರು ಹಾಕಿದರೆ ಇದ್ದ ಕಣ್ಣೂ ಹೋದೀತು. ಅಂಗಡಿಯಿಂದ ಟೆಟ್ರಾಸೈಕ್ಲಿನ್ ತಂದು ಹಚ್ಚುವುದೂ ಸರಿಯಲ್ಲ. ಈ ಔಷಧಕ್ಕೆ ಬಗ್ಗದ ಕ್ಲಮೀಡಿಯ ತಳಿಗಳು ಹಲವು ದೇಶಗಳ ಹಂದಿಗಳಲ್ಲಿ ಕಂಡುಬಂದಿವೆ. ಕಣ್ಣಿಗೆ ಹೂ ಬಿದ್ದಿದ್ದರೆ ಸ್ಟಿರಾಯ್ಡ್ ಬೆರೆತ ಮುಲಾಮು ಹುಣ್ಣನ್ನು ಹೆಚ್ಚಿಸಬಹುದು. ಮುಲಾಮು ಯಾವುದೆಂದು ಪಶುವೈದ್ಯರೇ ಹೇಳಬೇಕು.

ಇದಿಷ್ಟೂ ಬರಿಯ ಕಣ್ಣಿನ ಮಾತಾಯಿತು. ಭಯಪಡಬೇಕಾದದ್ದು ಬೇರೆ ಇದೆ. ಎರಡೂ ಕಣ್ಣಿನ ರೆಪ್ಪೆ ಅಂಟಿಕೊಳ್ಳುವುದು ಹಂದಿ ಜ್ವರದ ಮೊದಲ ಚಿಹ್ನೆಗಳಲ್ಲೊಂದು. ಇದು ಬ್ಯಾಕ್ಟೀರಿಯದ ರೋಗವಲ್ಲ, ವೈರಸ್ಸಿನದು. ಮುಲಾಮಿಗೆ ಜಗ್ಗದು, ಚಿಕಿತ್ಸೆಯೂ ಇಲ್ಲ. ಆದ್ದರಿಂದ ಕಣ್ಣು ತೊಳೆಯುವ ಮೊದಲು ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಬೇಕು. ಆರೋಗ್ಯವಂತ ಹಂದಿಯ ಮೈಕಾವು ಸುಮಾರು 102.5 ಡಿಗ್ರಿ ಫ್ಯಾರನ್‌ಹೀಟ್. ಹಂದಿ ಜ್ವರದಲ್ಲಿ 105ನ್ನು ದಾಟುತ್ತದೆ. ಮೇವು ಬಿಟ್ಟು ಒಂದರ ಮೇಲೊಂದು ಮಲಗುವುದು, ಮಲಬದ್ಧತೆಯ ಹಿಂದೆಯೇ ಭೇದಿ, ಹಿಂಗಾಲು ತೂರಾಡುವುದು, ಕಿವಿ ಹೊಟ್ಟೆ ನೇರಳೆಗಟ್ಟುವುದು ಇವೂ ಸೇರಿದರೆ ಶಂಕೆ ಬಲವಾಗುತ್ತದೆ. 2020ರಲ್ಲಿ ದೇಶದೊಳಕ್ಕೆ ಬಂದ ಆಫ್ರಿಕನ್ ಹಂದಿ ಜ್ವರವನ್ನು ಇದರಿಂದ ಕಣ್ಣಳತೆಯಲ್ಲಿ ಬೇರ್ಪಡಿಸಲಾಗದು. ಪ್ರಯೋಗಶಾಲೆಯ ಪರೀಕ್ಷೆಯೇ ಆಗಬೇಕು.

ಇಂಥ ವೇಳೆ ಉಳಿದವನ್ನು ಅವಸರದಲ್ಲಿ ಸಂತೆಗೆ ಹೊಡೆಯುವ ಆಸೆ ಹುಟ್ಟುವುದು ಸಹಜ. ಆದರೆ ರೋಗ ನೆರೆಯೂರಿಗೆ ಹೋಗುವುದು ಆ ದಾರಿಯಲ್ಲೇ. ಎರಡೂ ಜ್ವರಗಳನ್ನು ತಿಳಿಸುವುದು 2009ರ ಕಾಯಿದೆಯಂತೆ ಸಾಕಣೆದಾರನ ಹೊಣೆ. ಮೊದಲನೆಯ ಜ್ವರಕ್ಕೆ ಲಸಿಕೆ ಇದೆ. ಮರಿಗಳಿಗೆ ಯಾವ ವಯಸ್ಸಿಗೆ ಹಾಕಿಸಬೇಕೆಂದು ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಬೇಕು. ಹೋಟೆಲಿನ ಎಂಜಲು ತಂದು ಹಾಕುವವರು ಅದನ್ನು ಕಲಕುತ್ತ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಕುದಿಸಿ, ಆರಿಸಿಯೇ ಹಾಕಬೇಕು.