ಮೈಕ್ ಬದಲಿಸುವ ಮೊದಲು ಕೋಣೆ ನೋಡಿ

ರೆಕಾರ್ಡಿಂಗ್‌ನಲ್ಲಿ ನಿಮ್ಮ ದನಿ ಡಬ್ಬದೊಳಗಿಂದ ಬಂದಂತೆ ಕೇಳಿಸುವುದಕ್ಕೆ ಮೈಕ್ ಕಾರಣವಲ್ಲ, ಮೇಡಂ; ಕೋಣೆ ಕಾರಣ. ಹಾಲ್‌ನಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಟೈಲ್ಸ್ ನೆಲ, ಬೋಳು ಗೋಡೆ ಇದ್ದರೆ ಸದ್ದಿನ ಹಿಂದೆ ಝಣ್ಣೆನ್ನುವ ಬಾಲ ಉಳಿಯುತ್ತದೆ. ಕಂಡೆನ್ಸರ್ ಮೈಕ್ ಅದನ್ನೂ ಬಿಡದೆ ಹಿಡಿಯುತ್ತದೆ. ದಯವಿಟ್ಟು ಇನ್ನೊಂದು ಮೈಕಿಗೆ ದುಡ್ಡು ಸುರಿಯಬೇಡಿ.

ಮಲಗುವ ಕೋಣೆಗೆ ಬನ್ನಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಅದಕ್ಕೆ ಬೆನ್ನು ಮಾಡಿ ಹಾಡಿ. ನಿಮ್ಮದು ಕಾರ್ಡಿಯಾಯ್ಡ್ ಮೈಕ್. ತನ್ನ ಎದುರಿನದನ್ನೇ ಹೆಚ್ಚು ಕೇಳಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಬೆನ್ನ ಹಿಂದಿನ ಗೋಡೆಯನ್ನೇ ಮೊದಲು ಮೆತ್ತಗಾಗಿಸಬೇಕು. ಅಕ್ಕಪಕ್ಕ ದಪ್ಪ ಕಂಬಳಿ, ಕಾಲಡಿಗೆ ಜಮಖಾನ. ಹಾಡುವಷ್ಟು ಹೊತ್ತು ಫ್ಯಾನ್ ಆರಿಸಿ.

ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಸಾಕು. ಮೈಕನ್ನು ತುಸು ಓರೆಯಾಗಿಡಿ. ‘ಪ’, ‘ಭ’ಗಳ ಗಾಳಿ ನೇರ ಬಡಿಯದು. ಹಾಡಿನ ಅತ್ಯಂತ ಏರುದನಿಯ ಸಾಲನ್ನು ಹಾಡುತ್ತ ಗೇನ್ ಹೊಂದಿಸಿ. ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ.

ವೇದಿಕೆಯಲ್ಲಿ ಮೈಕ್ ಕೂಗುವ ಬಗ್ಗೆ ಕೇಳಿದ್ದೀರಿ. ಅಲ್ಲಿಗೆ ಡೈನಾಮಿಕ್ ಮೈಕ್ ಒಯ್ಯಿರಿ, ಮಾನಿಟರ್ ಸ್ಪೀಕರನ್ನು ಮೈಕಿನ ಬೆನ್ನಿಗೆ ಇಡಿಸಿ. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಬೇಡಿ, ಕೂಗು ಹೆಚ್ಚುತ್ತದೆ.