ಜಾತ್ರೆ ನಾಟಕದ ಬೆಳಕು: ಯಾವ ಲೈಟು ಎಷ್ಟು ಸೆಕೆಂಡಿಗೆ?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಜಾತ್ರೆ ಬಂತೆಂದರೆ ಊರ ಹುಡುಗರ ನಾಟಕ ಇದ್ದದ್ದೇ. ಬಾಡಿಗೆ ಸಾಮಾನು ನಿಪ್ಪಾಣಿಯಿಂದ ಬರಲಿ, ಮಿರಜಿನಿಂದ ಬರಲಿ, ಈಗ ಎಲ್‌ಇಡಿ ಪಾರ್ ಲೈಟಿನ ಜೊತೆ ಅವನ್ನು ನಡೆಸುವ ಡಿಎಂಎಕ್ಸ್ ಬೋರ್ಡೂ ಬರುತ್ತದೆ. ಆದರೆ ಬೋರ್ಡಿಗೆ ಕೂತವರು ಎಲ್ಲ ಕ್ಯೂಗೂ, ಅಂದರೆ ಬೆಳಕಿನ ಪ್ರತಿ ಬದಲಾವಣೆಗೂ, ಒಂದೇ ಫೇಡ್ ಸಮಯ (ಬೆಳಕು ಏರಿಳಿಯುವ ಸಮಯ) ಇಟ್ಟುಬಿಡುತ್ತಾರೆ. ಬೆಳಗಾಗುವುದೂ ಮೂರು ಸೆಕೆಂಡಿಗೆ, ಕೊಲೆಯಾಗುವುದೂ ಮೂರು ಸೆಕೆಂಡಿಗೆ!

ಬೋರ್ಡ್ ಮುಟ್ಟುವ ಮೊದಲು ನಾಟಕದ ಪ್ರತಿ, ಪೆನ್ಸಿಲ್ ಹಿಡಿದು ತಾಲೀಮಿಗೆ ಹೋಗಿ. ಬೆಳಕು ಬದಲಾಗುವ ಮಾತಿನ ಪಕ್ಕ 10, 20, 30 ಎಂದು ನಂಬರ್ ಹಾಕಿ. ನಾಟಕದ ಮಾಸ್ತರರು ಕೊನೇ ದಿನ ಹೊಸದೊಂದು ಕ್ಯೂ ಹೇಳದೆ ಬಿಡುವುದಿಲ್ಲ. ಅದು 15 ಆಗಿ ನಡುವೆ ಕೂರುತ್ತದೆ.

ಆಮೇಲೆ ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ. ‘ಸಂಗ್ಯಾ ಬಾಳ್ಯಾ’ ಆಡುತ್ತಿದ್ದೀರಿ ಎನ್ನಿ. ಹಾಡಿನ ಒಂದು ನುಡಿಯೊಳಗೆ ಸಂಜೆ ಹೋಗಿ ರಾತ್ರಿಯಾಗಬೇಕು, ಆ ನುಡಿಗೆ 25 ಸೆಕೆಂಡ್ ಹಿಡಿಯುತ್ತದೆ. ಹಾಗಾದರೆ ನೀಲಿ ಏರಲು 15, ಹಳದಿ ಇಳಿಯಲು 25 ಇಡಿ. ಎರಡಕ್ಕೂ ಒಂದೇ ಸಮಯ ಕೊಟ್ಟರೆ ನಡುವೆ ರಂಗವೇ ಮಬ್ಬಾಗಿ ನಟರ ಮುಖ ಕಾಣುವುದಿಲ್ಲ. ಏರುವುದು ಬೇಗ, ಇಳಿಯುವುದು ನಿಧಾನ: ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ಬಹುತೇಕ ಇದೇ ಸರಿ. ಸಂಗ್ಯಾನ ಮೇಲೆ ಏಟು ಬೀಳುವಾಗ ಮಾತ್ರ ಸೊನ್ನೆ ಸೆಕೆಂಡ್. ಅಲ್ಲಿ ಅರ್ಧ ಸೆಕೆಂಡಿನ ಫೇಡೂ ಸಡಿಲ ಎನಿಸುತ್ತದೆ.

ಗುಂಡಿ ಯಾವಾಗ ಒತ್ತಬೇಕು ಎಂಬುದರಲ್ಲೇ ಹೆಚ್ಚು ಜನ ತಪ್ಪುತ್ತಾರೆ. ಮಾತು ಮುಗಿಯುವುದಕ್ಕೂ ಕತ್ತಲಾಗುವುದಕ್ಕೂ ಸರಿಹೋಗಬೇಕು, ಫೇಡ್ 6 ಸೆಕೆಂಡ್ ಇದೆ ಎಂದರೆ 6 ಸೆಕೆಂಡ್ ಮೊದಲೇ ಒತ್ತಬೇಕು. ಆ ಹೊತ್ತಿಗೆ ನಟ ಯಾವ ಪದದಲ್ಲಿರುತ್ತಾನೆ ನೋಡಿ ಅದರ ಕೆಳಗೆ ಗೆರೆ ಎಳೆಯಿರಿ. ಎರಡು ಸಾಲು ಮೇಲೆ ‘ತಯಾರಿ’ ಎಂದೂ ಬರೆದುಕೊಳ್ಳಿ.

ಬಾಡಿಗೆ ಬೋರ್ಡಿನಲ್ಲಿ ಕ್ಯೂ ಉಳಿಸಲು ಬಾರದಿದ್ದರೆ ಲ್ಯಾಪ್‌ಟಾಪಿಗೆ ಕ್ಯೂಎಲ್‌ಸಿ ಪ್ಲಸ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಲ್ಯಾಪ್‌ಟಾಪನ್ನು ಲೈಟಿಗೆ ಜೋಡಿಸಲು ಯುಎಸ್‌ಬಿ-ಡಿಎಂಎಕ್ಸ್ ಡಾಂಗಲ್ ಒಂದು ಬೇಕು. ದೃಶ್ಯಗಳನ್ನು ‘ಸೀನ್’ ಆಗಿ ಉಳಿಸಿ, ಒಂದು ‘ಚೇಸರ್’ನಲ್ಲಿ ಸಾಲಾಗಿ ಸೇರಿಸಿ. ಫೇಡ್ ಸಮಯವನ್ನು ‘ಪರ್ ಸ್ಟೆಪ್’ಗೆ ಬದಲಿಸಿದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಫೇಡ್ ಇನ್, ಫೇಡ್ ಔಟ್ ಬರೆಯಬಹುದು. ‘ಹೋಲ್ಡ್’ ಅನಂತ ಇರಲಿ, ಆಗ ನೀವು ಒತ್ತುವವರೆಗೆ ಕ್ಯೂ ಮುಂದೆ ಹೋಗುವುದಿಲ್ಲ. ಹಾಡು ಮುಗಿದ ಕೂಡಲೇ ಮುಂದಿನ ಕ್ಯೂ ತಾನಾಗಿ ಬರಲೆಂದು ಸಮಯ ಕಟ್ಟುವ ಆಸೆ ಬೇಡ. ಜನ ‘ವನ್ಸ್‌ಮೋರ್’ ಎಂದರೆ ಪೇಟಿ ಮಾಸ್ತರರು ಮತ್ತೆ ಮೊದಲಿಂದ ಎತ್ತಿಕೊಳ್ಳುತ್ತಾರೆ. ನಿಮ್ಮ ಲೈಟು ಮುಂದಿನ ದೃಶ್ಯಕ್ಕೆ ಓಡಿರುತ್ತದೆ.

ಎಲ್‌ಇಡಿಯದು ಒಂದು ತಕರಾರು. ಹಳೆಯ ಸಾವಿರ ವ್ಯಾಟಿನ ಪಾರ್‌ನ ತಂತಿ ಆರುವಾಗ ಕೆಂಪಾಗಿ ನಿಧಾನ ತಣಿಯುತ್ತಿತ್ತು, ಫೇಡ್ ತಾನೇ ಮೆತ್ತಗಾಗುತ್ತಿತ್ತು. ಎಲ್‌ಇಡಿಗೆ ಆ ಗುಣವಿಲ್ಲ. ಸಾಮಾನ್ಯ ಡಿಎಂಎಕ್ಸ್ ಚಾನೆಲ್‌ನಲ್ಲಿ 0ರಿಂದ 255ರವರೆಗೆ ಮೆಟ್ಟಿಲಿದ್ದು, ಅಗ್ಗದ ಲೈಟು ಕೆಳಗಿನ ಮೆಟ್ಟಿಲುಗಳಲ್ಲಿ ಜಿಗಿಜಿಗಿದು ಪಟ್ಟನೆ ಆರುತ್ತದೆ. ಲೈಟಿನ ಮೆನುವಿನಲ್ಲಿ ಡಿಮ್ಮರ್ ಕರ್ವ್ ಇದ್ದರೆ ಬದಲಿಸಿ ನೋಡಿ. ಇಲ್ಲದಿದ್ದರೆ 10 ಸೆಕೆಂಡಿನ ಫೇಡನ್ನು ಎರಡು ಮಾಡಿ: ಮೊದಲ ಕ್ಯೂ 9 ಸೆಕೆಂಡಿನಲ್ಲಿ ಹತ್ತನೇ ಒಂದು ಪಾಲಿಗೆ ಇಳಿಸಲಿ, ಎರಡನೆಯದು ಒಂದು ಸೆಕೆಂಡಿನಲ್ಲಿ ಪೂರ್ತಿ ಆರಿಸಲಿ. ಕಣ್ಣಿಗೆ ಜಿಗಿತ ಅಷ್ಟು ಕಾಣುವುದಿಲ್ಲ.

ನಾಟಕದ ದಿನ ಕತ್ತಲಾದ ಮೇಲೆ ಮಾತು ಬಿಟ್ಟು ಬರೀ ಕ್ಯೂಗಳನ್ನು ಒಂದು ಸುತ್ತು ಓಡಿಸಿ. ಹಗಲಲ್ಲಿ ನೋಡಿ ಇಟ್ಟ ಫೇಡ್ ರಾತ್ರಿ ಬೇರೆಯೇ ಆಗಿರುತ್ತದೆ. ಕೆಲಸವನ್ನು ಪೆನ್‌ಡ್ರೈವಿಗೂ ಉಳಿಸಿ. ಕರೆಂಟ್ ಹೋಗಿ ಜನರೇಟರ್ ಹಿಡಿಯುವಷ್ಟರಲ್ಲಿ ಬೋರ್ಡ್ ಆರಿದರೆ ಕ್ಯೂ ಸಾಲು ಮೊದಲಿಗೆ ಹೋಗುತ್ತದೆ, ಆದ್ದರಿಂದ ಬೋರ್ಡು, ಲ್ಯಾಪ್‌ಟಾಪನ್ನು ಯುಪಿಎಸ್‌ಗೆ ಹಾಕಿ. ಆದರೂ ಆರಿದರೆ ಎಲ್ಲಿಂದ ಶುರು ಎಂದು ತಿಳಿಯಲು, ಮುಗಿದ ಕ್ಯೂ ನಂಬರನ್ನು ಪ್ರತಿಯಲ್ಲಿ ಹೊಡೆಯುತ್ತಾ ಹೋಗಿ.