ಸಹಿಯ ಹೊಣೆ

ಗಣಕಯಂತ್ರಗಳನ್ನು ನಡೆಸುವ ಆಜ್ಞಾಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಲಿನಕ್ಸ್ ಎಂಬ ತಂತ್ರಾಂಶವನ್ನು ಲಿನಸ್ ಟೋರ್ವಾಲ್ಡ್ಸ್ ಎಂಬುವರು 1991ರಲ್ಲಿ ಆರಂಭಿಸಿದರು. ಅದರ ಮೂಲಪಾಠವು ಸರ್ವರಿಗೂ ತೆರೆದುದು. ಯಾರು ಬೇಕಾದರೂ ಓದಿ ತಿದ್ದುಪಡಿಯನ್ನು ಸೂಚಿಸಬಹುದು. ಇಂದು ಹೆಚ್ಚಿನ ತಿದ್ದುಪಡಿಗಳನ್ನು ಬರೆಯುವವರು ಇಂಟೆಲ್, ರೆಡ್ ಹ್ಯಾಟ್, ಗೂಗಲ್ ಮೊದಲಾದ ಕಂಪನಿಗಳ ಸಂಬಳಗಾರರು. ಹಾಗಾದರೆ ತಪ್ಪಿಗೆ ಹೊಣೆ ಯಾರು? ಧಣಿಯೋ, ದುಡಿದವನೋ?

2003ರಲ್ಲಿ ಎಸ್‌ಸಿಓ ಎಂಬ ಕಂಪನಿಯು, ತನ್ನ ಸ್ವತ್ತಾದ ಪಾಠವು ಲಿನಕ್ಸಿನಲ್ಲಿ ಸೇರಿದೆಯೆಂದು ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರ ಕೈಯಿಂದ ಬಂದಿತೆಂಬುದಕ್ಕೆ ಲಿಖಿತ ಸಾಕ್ಷ್ಯವು ಅವಶ್ಯವೆಂದು ಆಗ ಕಂಡಿತು. 2004ರಲ್ಲಿ ಹೊಸ ಕಟ್ಟಳೆಯಾಯಿತು: ತಿದ್ದುಪಡಿಯನ್ನು ಕಳುಹಿಸುವವನು, ಅದನ್ನು ಕೊಡುವ ಹಕ್ಕು ತನಗುಂಟೆಂದು ತನ್ನ ಹೆಸರಿನಲ್ಲಿ ಸಹಿ ಮಾಡತಕ್ಕದ್ದು. ಪರಿಶೀಲಿಸಿ ಮುಂದಕ್ಕೆ ಸಾಗಿಸುವವನೂ ಅದರ ಕೆಳಗೆ ತನ್ನ ಸಹಿಯನ್ನು ಕೂಡಿಸತಕ್ಕದ್ದು. ಕಂಪನಿಯ ಮುದ್ರೆ ಮಾತ್ರ ಸಾಲದು. ವಾಚಕರು ಇದನ್ನು ಗಮನಿಸಬೇಕು: ಮೇಲ್ವಿಚಾರಕನು ಉದ್ಯೋಗ ಬದಲಿಸಿದರೂ ಅವನ ಸ್ಥಾನವು ಸಾಮಾನ್ಯವಾಗಿ ಅವನೊಡನೆಯೇ ಇರುವುದು. ವಿಶ್ವಾಸವನ್ನು ಗಳಿಸಿದವನು ಅವನು, ಸಂಬಳ ಕೊಟ್ಟವನಲ್ಲ.

ಆದರೆ ಹೆಸರೇ ಸುಳ್ಳಾದರೆ? ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ಒಬ್ಬರೇ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. (ಅದನ್ನು ಧಾರಾಳವಾಗಿ ಬಳಸಿಕೊಂಡ ದೊಡ್ಡ ಕಂಪನಿಗಳು ಅವರ ಕೈಗೆ ಬಲ ಕೊಡದೆ ಹೋದುದು ನಾಚಿಕೆಯ ಮಾತು.) ಜಿಯಾ ಟಾನ್ ಎಂಬ ಹೆಸರು ಹೊತ್ತು ಬಂದವರು ಎರಡು ವರ್ಷಕ್ಕೂ ಮಿಕ್ಕಿ ನಯವಾಗಿ ದುಡಿದು, ನಂಬಿಕೆಯನ್ನು ಸಂಪಾದಿಸಿ, 2024ರಲ್ಲಿ ಅದರೊಳಗೆ ಕಳ್ಳಬಾಗಿಲನ್ನಿರಿಸಿದರು. ದೂರದ ಯಂತ್ರವನ್ನು ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿದೆಯೆಂಬ ಅಲ್ಪ ಸಂಶಯವನ್ನು ಮೈಕ್ರೋಸಾಫ್ಟಿನ ನೌಕರರಾದ ಆಂಡ್ರೆಸ್ ಫ್ರಾಯಿಂಡ್ ಅವರು ಬಿಡದೆ ಬೆನ್ನಟ್ಟಿ, ಮಾರ್ಚ್ 29ರಂದು ತಮ್ಮ ಹೆಸರಿನಲ್ಲಿಯೇ ಅದನ್ನು ಬಯಲಿಗೆಳೆದರು.